ಮಾರೆನ್‌ಳ ಮುಖ ಇದ್ದ ಜಾಗ

ಸ್ವೆಂಡ್‌ಬೋರ್ಗ್, 14 ಏಪ್ರಿಲ್ 1846

ತಮ್ಮ ಲೌರಿಟ್ಸ್‌ಗೆ,

ನೀನು ಬರೆದ ಹುಡುಗಿಯ ಚಿತ್ರವೊಂದನ್ನು ಕೋಪನ್‌ಹೇಗನ್ನಿನ ವಸಂತ ಪ್ರದರ್ಶನದಲ್ಲಿ ತೂಗುಹಾಕಿದ್ದಾರೆ. ಅದರಲ್ಲಿರುವ ಕೈ, ಉಡುಪು, ಕುರ್ಚಿ ನನ್ನ ಮಾರೆನ್‌ಳವು. ಮುಖ ಬೇರೆ ಯಾರದೋ.

ಹೇಳಿದವರು ನಮ್ಮ ಪಾದ್ರಿಯಮ್ಮ ಸಿಸಿಲಿಯ. ತಂಗಿಯ ಮನೆಗೆಂದು ಕೋಪನ್‌ಹೇಗನ್ನಿಗೆ ಹೋದವರು ನಿನ್ನೆ ಹಡಗಿನಿಂದ ಇಳಿದು, ಟೋಪಿಯನ್ನೂ ಬಿಚ್ಚದೆ ನೇರ ನಮ್ಮ ಅಡುಗೆಮನೆಗೆ ಬಂದು ಕೂತರು. ದೂರದಿಂದ ಚಿತ್ರ ಕಂಡಾಗ ಅವರಿಗೆ ಖುಷಿಯಾಯಿತಂತೆ. ಹಾಳಾಯಿತು ಅಂದಿದ್ದನ್ನು ಲೌರಿಟ್ಸ್ ಹೇಗೋ ಉಳಿಸಿಕೊಂಡಿದ್ದಾನೆ, ಒಂದು ದಿನ ಅಕ್ಕನ ಮುಂದೆ ತಂದಿಡುವ ಯೋಚನೆ ಇರಬೇಕು ಅಂದುಕೊಂಡರಂತೆ. ಹತ್ತಿರ ಹೋದ ಮೇಲೆ ಮುಖ ಕಂಡಿತು.

“ಡೋರ್ಟೆ, ಆ ಮಗೂನ ದೀಕ್ಷಾಸ್ನಾನಕ್ಕೆ ಎತ್ಕೊಂಡು ಹೋದವಳು ನಾನು. ಅವಳ ಕೈ ನನಗೆ ಗೊತ್ತಾಗಲ್ವಾ?” ಅಂದರು. “ಕೈಯಲ್ಲಿ ಗುಲಾಬಿ ಇದೆ. ಆದ್ರೆ ಹಿಡ್ಕೊಂಡಿರೋದು ನೋಡಿದ್ರೆ ಇನ್ನೇನು ಬಾಯಿಗೆ ಹಾಕ್ಕೋತಾಳೆ ಅನ್ಸುತ್ತೆ.”

ಹೋದ ಬೇಸಿಗೆಯಲ್ಲಿ ನೀನು ಅವಳನ್ನು ಕೂರಿಸಿ ಬರೆದಾಗ ಆ ಕೈಯಲ್ಲಿದ್ದದ್ದು ಸಕ್ಕರೆ ಹಚ್ಚಿದ ಕ್ರಿಂಗ್ಲೆ. ದಿನಾ ಒಂದು ತುದಿ ಕಚ್ಚುತ್ತಿದ್ದಳು. ನೀನು ದಿನಾ ಬೈದು, ಬೇಕರಿಯಿಂದ ಹೊಸದು ತರಿಸಿ, ಕೊನೆಗೆ ಸೋತು ಕಚ್ಚಿದ್ದನ್ನೇ ಬರೆದೆ. ಬಣ್ಣ ಹಸಿ ಇದೆ, ಪೂರ್ತಿ ಒಣಗಿದ ಮೇಲೆ ವಾರ್ನಿಶ್ ಹಚ್ಚಿ ಮುಂದಿನ ಬೇಸಿಗೆಗೆ ತರುತ್ತೇನೆ ಎಂದು ಚಿತ್ರ ತೆಗೆದುಕೊಂಡು ಹೋದೆ. ಅಕ್ಟೋಬರಿನಲ್ಲಿ ಗಂಟಲಮಾರಿ ಬಂತು, ಮಾರೆನ್ ಹೋದಳು. ಜನವರಿಯಲ್ಲಿ ನಿನ್ನ ಪತ್ರ ಬಂತು: ಚಾವಣಿಯ ಹಿಮ ಕರಗಿ ನೀರು ಸುರಿಯಿತು, ಚಿತ್ರ ಸುಕ್ಕುಗಟ್ಟಿ ಹಾಳಾಯಿತು, ನೋಡಲಾರದೆ ಒಲೆಗೆ ಹಾಕಿದೆ.

ಅವಳದು ಬೇರೆ ಚಿತ್ರ ಇಲ್ಲ. ಆದರೂ ಆವತ್ತು ನಾನು ನಿನಗೆ ಬರೆದದ್ದು ಏನು? ನಿನ್ನ ತಪ್ಪಲ್ಲ, ಮನಸ್ಸಿಗೆ ಹಚ್ಚಿಕೊಂಡು ಕೆಲಸ ಕೆಡಿಸಿಕೊಳ್ಳಬೇಡ ಎಂದು. ಸಮಾಧಾನ ಹೇಳಿದವಳು ನಾನು.

ರಾತ್ರಿ ಊಟಕ್ಕೆ ಕೂತಾಗ ಅಸ್ಮುಸ್‌ಗೆ ಎಲ್ಲ ಹೇಳಿದೆ. ಅವರು ಬಿಯರ್ ಗಂಜಿ ಉಣ್ಣುತ್ತಲೇ, “ಚಿತ್ರದ ಮಕ್ಕಳೆಲ್ಲ ಒಂದೇ ಥರ ಇರ್ತಾವೆ” ಅಂದರು. ಬೆಳಿಗ್ಗೆ ಹೊಸ ಹಾಯಿಗಳನ್ನು ತುಂಬಿಕೊಂಡು ಫ್ಲೆನ್ಸ್‌ಬೋರ್ಗಿಗೆ ಹೊರಟರು. ಹಾಯಿ ಕಟ್ಟಿ ಹಡಗು ನೀರಿಗಿಳಿಸುವವರೆಗೆ ಅಲ್ಲೇ ಇರುತ್ತಾರೆ.

ಒಲೆಗೆ ಹಾಕಿದ ಚಿತ್ರ ಗೋಡೆಯ ಮೇಲೆ ಹೇಗೆ ಬಂತು?

ನಿನ್ನ ಅಕ್ಕ,
ಡೋರ್ಟೆ


ಕೋಪನ್‌ಹೇಗನ್, 23 ಏಪ್ರಿಲ್ 1846

ಪ್ರೀತಿಯ ಅಕ್ಕಾ,

ಪಾದ್ರಿಯಮ್ಮನ ಬಗ್ಗೆ ನನಗೆ ಗೌರವವಿದೆ, ಅವರ ಕಣ್ಣಿನ ಬಗ್ಗೆ ಅಷ್ಟಿಲ್ಲ. ಹೋದ ಸಲ ನನ್ನ ಕೋಣೆಗೆ ಬಂದವರು ಮೂಲೆಯಲ್ಲಿದ್ದ ಗಾರೆಯ ಬೊಂಬೆಗೆ ತಲೆಬಾಗಿ “ಚೆನ್ನಾಗಿದೀರಾ?” ಎಂದು ಕೇಳಿದ್ದರು.

ಆ ಚಿತ್ರದ ಹುಡುಗಿ ನಾನ್ನಾ, ಸಗಟು ವ್ಯಾಪಾರಿ ಹೋಲ್ಸ್ಟ್ ಅವರ ಮಗಳು. ಪಾಪ, ಅವಳೂ ಈ ಚಳಿಗಾಲದಲ್ಲಿ ಅದೇ ಗಂಟಲಮಾರಿಯಿಂದಲೇ ಹೋದಳು. ಪೆಟ್ಟಿಗೆ ಮುಚ್ಚುವ ಮುಂಚೆ ಬಂದು ಮುಖ ಬರೆದುಕೊಳ್ಳಿ ಎಂದು ಶ್ರೀಮತಿ ಹೋಲ್ಸ್ಟ್ ಹೇಳಿಕಳಿಸಿದರು. ನಾನು ಪೆನ್ಸಿಲ್ ಹಿಡಿದು ಹೋದಾಗ ಆಗಲೇ ಕೆನ್ನೆ ಇಳಿದಿತ್ತು. ಕಣ್ಣು ತೆರೆದಂತೆ, ಕೂತಂತೆ, ಬದುಕಿರುವಂತೆ ಬರೆಯಬೇಕೆಂದು ಆ ತಾಯಿಯ ಆಸೆ. ಸತ್ತ ಮಗುವನ್ನು ಕುರ್ಚಿಯಲ್ಲಿ ಕೂರಿಸಲು ಆಗುತ್ತದೆಯೇ? ಮಾರೆನ್‌ಳ ಕೈಗಳನ್ನು ನಾನು ಹಿಂದೆ ಬರೆದಿಟ್ಟುಕೊಂಡಿದ್ದೆ, ಅವು ಉಪಯೋಗಕ್ಕೆ ಬಂದವು. ಇಲ್ಲಿ ಎಲ್ಲರೂ ಹೀಗೆ ಮಾಡುತ್ತಾರೆ. ಒಬ್ಬರ ತೋಳು ಇನ್ನೊಬ್ಬರ ಭುಜಕ್ಕೆ ಹೋಗುತ್ತದೆ.

ಒಂದು ರೀತಿಯಲ್ಲಿ ನೋಡಿದರೆ ನಮ್ಮ ಮಾರೆನ್ ಇನ್ನೊಬ್ಬ ತಾಯಿಗೆ ಸಮಾಧಾನ ಕೊಟ್ಟಿದ್ದಾಳೆ. ನೀನು ಹಾಗೆ ಯೋಚಿಸಬೇಕು ಅಕ್ಕಾ. ಈಗ ನಿನ್ನ ಮೈಯ ಸ್ಥಿತಿಯಲ್ಲಿ ಇಂಥದ್ದನ್ನು ತಲೆಗೆ ಹಚ್ಚಿಕೊಳ್ಳುವುದು ಒಳ್ಳೆಯದಲ್ಲ. ಭಾವನಿಗೂ ಅತ್ತೆಗೂ ನನ್ನ ವಂದನೆ.

ನಿನ್ನ ತಮ್ಮ,
ಲೌರಿಟ್ಸ್


ಸ್ವೆಂಡ್‌ಬೋರ್ಗ್, 2 ಮೇ 1846

ಲೌರಿಟ್ಸ್,

ನೀನು ಅವಳ ಕೈಗಳನ್ನು ಎಲ್ಲಿಯೂ ಬೇರೆಯಾಗಿ ಬರೆದುಕೊಂಡಿರಲಿಲ್ಲ. ಮೊದಲ ದಿನ ಪೆನ್ಸಿಲ್ ತೆಗೆದೆ, ಅವಳು ಒಂದು ಕಡೆ ಕೂರದಿದ್ದಾಗ ಅದನ್ನು ಬದಿಗಿಟ್ಟು, “ಇವಳನ್ನ ಓಡೋ ಕೋಳಿ ಹಿಡಿದ ಹಾಗೆ ಹಿಡೀಬೇಕು” ಅಂದು ನೇರ ಬಣ್ಣದಲ್ಲೇ ಶುರುಮಾಡಿದೆ. ಪಕ್ಕದಲ್ಲಿ ಬಟಾಣಿ ಬಿಡಿಸುತ್ತಾ ಕೂತಿದ್ದವಳು ನಾನು.

ಎಡಗೈಯ ಕಿರುಬೆರಳು ಒಳಗೆ ಬಾಗಿದೆ ಎಂದು ಪಾದ್ರಿಯಮ್ಮ ಹೇಳಿದರು. ಹಿತ್ತಿಲ ಗೇಟಿಗೆ ಸಿಕ್ಕಿ ಮುರಿದ ಬೆರಳು ಅದು. ನಾನ್ನಾ ಹೋಲ್ಸ್ಟ್‌ಳಿಗೂ ಅದೇ ಬೆರಳು ಮುರಿದಿತ್ತೇ?

ಒಂದೇ ಪ್ರಶ್ನೆ ಕೇಳುತ್ತೇನೆ. ಚಿತ್ರ ಇರುವುದು ಅದೇ ಬಟ್ಟೆಯ ಮೇಲೋ, ಬೇರೆಯದರ ಮೇಲೋ? ಅಸ್ಮುಸ್ ತಮ್ಮ ಹಾಯಿಯ ಬಟ್ಟೆಯಲ್ಲೇ ಒಳ್ಳೆಯ ತುಂಡು ಕತ್ತರಿಸಿ ನಿನಗೆ ಕೊಟ್ಟಿದ್ದರು. ಹಿಂಬದಿಯ ಮೂಲೆಯಲ್ಲಿ ಅವರ ಕಾರ್ಖಾನೆಯ ಗುರುತಿದೆ. ಪಾದ್ರಿಯಮ್ಮನ ತಂಗಿಯ ಗಂಡನಿಗೆ ಹೇಳಿದರೆ ಹೋಗಿ ತಿರುಗಿಸಿ ನೋಡಿ ಬರುತ್ತಾರೆ. ನಿನ್ನ ಬಾಯಿಂದಲೇ ತಿಳಿಯಲಿ ಎಂದು ಕಾಯುತ್ತಿದ್ದೇನೆ.

ಅದೇ ಬಟ್ಟೆಯಾಗಿದ್ದು, ಅವಳ ಮುಖದ ಮೇಲೆ ಬರೀ ಬಣ್ಣ ಬಳಿದಿದ್ದರೆ, ಒಳಗೆ ಅವಳು ಇದ್ದಾಳೆ. ಮೇಲಿನದನ್ನು ತೆಗೆಯಲು ಬರುತ್ತದೆಯೇ ಹೇಳು. ನಾನು ಶ್ರೀಮತಿ ಹೋಲ್ಸ್ಟ್ ಅವರ ಕಾಲು ಹಿಡಿದು ಕೇಳುತ್ತೇನೆ. ಅವರೂ ತಾಯಿ.

ಮನೆಯಲ್ಲಿ, ಮಾರೆನ್‌ಗೆ ತಮ್ಮ ಹೆಸರು ಕೊಟ್ಟ ಅತ್ತೆ ಈಗಲೇ ಹೊಟ್ಟೆಯಲ್ಲಿರುವ ಮಗುವಿನ ಜೊತೆ ಮಾತಾಡಲು ಶುರುಮಾಡಿದ್ದಾರೆ. “ನನ್ನ ಹೆಸರು ಮತ್ತೆ ಹೊಟ್ಟೆ ಸೇರ್ಕೊಂಡಿದೆ. ಈ ಸಲನಾದ್ರೂ ಜೋಪಾನ ಮಾಡು” ಎಂದು ನೆರೆಯವರ ಮುಂದೆ ನನಗೆ ಹೇಳುತ್ತಾರೆ. ಹೆಣ್ಣಾದರೆ ಮಾರೆನ್ ಎಂಬುದರಲ್ಲಿ ಯಾರಿಗೂ ಎರಡನೆಯ ಮಾತಿಲ್ಲ. ತೀರಿಕೊಂಡವಳ ಹೆಸರು ಮುಂದಿನವಳಿಗೆ. ಯಾರ ಮನೆಯಲ್ಲಿ ಇಲ್ಲದ್ದು? ಅದಕ್ಕೇ ನನಗೆ ಚಿತ್ರ ಬೇಕು. ಇನ್ನು ಮುಂದೆ ಈ ಮನೆಯಲ್ಲಿ ಮಾರೆನ್ ಎಂದು ಕೂಗಿದರೆ ಇನ್ನೊಂದು ಮಗು ಓಡಿ ಬರುತ್ತದೆ. ಮೊದಲನೆಯವಳು ಎಲ್ಲಿರಬೇಕು?

ಡೋರ್ಟೆ


ಕೋಪನ್‌ಹೇಗನ್, 10 ಮೇ 1846

ಅಕ್ಕಾ,

ಅದೇ ಬಟ್ಟೆ.

ಒಳಗೆ ಅವಳಿಲ್ಲ. ಮೇಲೆ ಬಳಿದರೆ ಹಳೆಯ ಮುಖ ವರ್ಷ ಕಳೆದಂತೆ ಮೇಲೇಳುತ್ತದೆ, ಎರಡು ಜೊತೆ ಕಣ್ಣು ಕಾಣಿಸಿಕೊಳ್ಳುತ್ತವೆ. ಅದಕ್ಕೆ ಕೆರೆದು ತೆಗೆದೆ. ಬಣ್ಣ ಇನ್ನೂ ಗಟ್ಟಿಯಾಗಿರಲಿಲ್ಲ, ಚಾಕುವಿಗೆ ಬಂತು. ಕ್ರಿಂಗ್ಲೆಯ ಮೇಲೆ ಗುಲಾಬಿ ಬರೆದೆ. ಉಳಿದದ್ದೆಲ್ಲ ಅವಳದೇ.

ಆದರೆ ಇದನ್ನು ಕೇಳದೆ ಮಾಡಿದೆ ಎಂದು ತಿಳಿಯಬೇಡ. ಭಾವ ನಿನಗೆ ಹೇಳಲಿಲ್ಲವೇ?

ನವೆಂಬರಿನಲ್ಲಿ ಅವರು ಇಲ್ಲಿಗೆ ಬಂದಿದ್ದರು. ಚಿತ್ರ ಒಯ್ಯುವುದಕ್ಕೆ ಬಂದದ್ದು, ಒಣಗದಿದ್ದರೂ ಪರವಾಗಿಲ್ಲ ಅಂದರು. ಸುತ್ತಿಕೊಂಡು ಹೋಗಲು ಕಂಬಳಿಯನ್ನೂ ತಂದಿದ್ದರು. ನಾನು ಚಿತ್ರವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದೆ. ಅವರು ನೋಡಿದರು. ಹತ್ತಿರ ಹೋಗಿ ಬಟ್ಟೆಯ ಅಂಚನ್ನು ಬೆರಳಿನಿಂದ ಮುಟ್ಟಿ, ನೇಯ್ಗೆ ಬಿಗಿಯಾಗಿದೆಯೋ ಎಂದು ನೋಡುವವರ ಹಾಗೆ ನಿಂತರು. ಆಮೇಲೆ ಹೇಳಿದರು:

“ಇದನ್ನ ಮನೆಗೆ ಕಳಿಸ್ಬೇಡ ಲೌರಿಟ್ಸ್. ನೀರು ಬಿದ್ದು ಹಾಳಾಯ್ತು ಅಂತ ನಿಮ್ಮಕ್ಕನಿಗೆ ಬರಿ. ಬಟ್ಟೆ ನಂದೇ ತಾನೆ, ನಿಂಗೆ ಕೊಟ್ಟೆ. ಏನಾದ್ರೂ ಮಾಡ್ಕೋ.”

ಕಂಬಳಿಯನ್ನು ಇಲ್ಲೇ ಬಿಟ್ಟು ಹೋದರು. ನಾನು ಚಿತ್ರವನ್ನು ಗೋಡೆಗೆ ಮುಖಮಾಡಿ ಇಟ್ಟೆ. ಜನವರಿಯವರೆಗೆ ಅದು ಹಾಗೇ ಇತ್ತು. ಶ್ರೀಮತಿ ಹೋಲ್ಸ್ಟ್ ಬಂದು ಅತ್ತಾಗ ಆ ಬಟ್ಟೆ ನೆನಪಾಯಿತು. ಮಾರೆನ್‌ಳ ವಯಸ್ಸು, ಅದೇ ಎತ್ತರ. ಆ ಮನೆಯವರು ಮೆಚ್ಚಿದರೆ ನನಗೆ ಈ ಊರಿನಲ್ಲಿ ಬಾಗಿಲುಗಳು ತೆರೆಯುತ್ತವೆ ಎಂಬುದೂ ನೆನಪಾಯಿತು. ಅದನ್ನು ಮುಚ್ಚಿಡುವುದಿಲ್ಲ.

ಇನ್ನೂ ಒಂದು ವಿಷಯವಿದೆ, ಬೇರೆಯವರಿಂದ ನಿನಗೆ ತಿಳಿಯುವುದು ಬೇಡ. ಶ್ರೀಮತಿ ಹೋಲ್ಸ್ಟ್ ಆ ಬಾಗಿದ ಬೆರಳನ್ನು ನೇರ ಮಾಡಿಕೊಡಿ ಎಂದು ಕೇಳಿದ್ದಾರೆ. ಪ್ರದರ್ಶನ ಈ ತಿಂಗಳ ಕೊನೆಗೆ ಮುಗಿಯುತ್ತದೆ, ಚಿತ್ರ ನನ್ನ ಹತ್ತಿರ ಬರುತ್ತದೆ, ತಿದ್ದಿ ಅವರ ಮನೆಗೆ ಕಳಿಸಬೇಕು.

ಮಾರೆನ್ ನನಗೆ ಚೆನ್ನಾಗಿ ನೆನಪಿದ್ದಾಳೆ. ಹೊಸ ಬಟ್ಟೆಯ ಮೇಲೆ ನೆನಪಿನಿಂದಲೇ ಮತ್ತೆ ಬರೆದುಕೊಡುತ್ತೇನೆ. ಹೂಂ ಅನ್ನು.

ಲೌರಿಟ್ಸ್


ಸ್ವೆಂಡ್‌ಬೋರ್ಗ್, 17 ಮೇ 1846

ಲೌರಿಟ್ಸ್,

ಬೆರಳನ್ನು ಮುಟ್ಟಬೇಡ. ಚಿತ್ರ ಅವರ ಮನೆಯಲ್ಲಿರಲಿ, ಅವರ ಮಗಳ ಹೆಸರಿನಲ್ಲಿ ಇರಲಿ, ನಾನು ಬಂದು ಕೇಳುವುದಿಲ್ಲ. ಆ ಬೆರಳು ಹಾಗೇ ಇರಲಿ. ಇದೊಂದನ್ನು ಮಾಡು.

ಡೋರ್ಟೆ


ಸ್ವೆಂಡ್‌ಬೋರ್ಗ್, 17 ಮೇ 1846

ಅಸ್ಮುಸ್ ಅವರಿಗೆ, ಫ್ಲೆನ್ಸ್‌ಬೋರ್ಗ್,

ನವೆಂಬರಿನಲ್ಲಿ ನೀವು ನಾರು ಕೊಳ್ಳಲು ಕೋಪನ್‌ಹೇಗನ್ನಿಗೆ ಹೋಗಿ ಬಂದಿರಿ. ಲೌರಿಟ್ಸ್ ಸಿಕ್ಕಿದ್ದನೇ ಎಂದು ಕೇಳಿದೆ. ಸಮಯ ಆಗಲಿಲ್ಲ ಎಂದಿರಿ. ಜನವರಿಯಲ್ಲಿ ಅವನ ಪತ್ರ ಓದಿ ನಾನು ಅತ್ತಾಗ ಪಕ್ಕದಲ್ಲಿ ಕೂತು ಬೆನ್ನು ಸವರಿದಿರಿ.

ಲೌರಿಟ್ಸ್ ಎಲ್ಲ ಬರೆದಿದ್ದಾನೆ. ಇನ್ನು ನೀವು ಬರೆಯಿರಿ.

ಇಲ್ಲಿ ಎಲ್ಲರೂ ಆರೋಗ್ಯ. ಸೂಲಗಿತ್ತಿ ಜೂನ್ ಮೊದಲ ವಾರ ಎಂದಿದ್ದಾಳೆ.

ಡೋರ್ಟೆ


ಫ್ಲೆನ್ಸ್‌ಬೋರ್ಗ್, 24 ಮೇ 1846

ಡೋರ್ಟೆ,

ಲೌರಿಟ್ಸ್ ಬರೆದದ್ದು ನಿಜ. ಕೆರೆದು ಹಾಕು ಎಂದು ನಾನು ಹೇಳಲಿಲ್ಲ. ಮೂಲೆಯಲ್ಲಿಡುತ್ತಾನೆ ಅಂದುಕೊಂಡಿದ್ದೆ. ಆದರೆ ಏನಾದರೂ ಮಾಡಿಕೋ ಎಂದು ಹೇಳಿದೆ, ಆದ್ದರಿಂದ ಅವನ ಮೇಲೆ ಹಾಕುವುದಿಲ್ಲ.

ನಾನು ಎರಡನೆಯ ಅಸ್ಮುಸ್ ಎಂಬುದು ನಿನಗೆ ಗೊತ್ತು. ಅದು ಹೇಗಿತ್ತು ಎಂಬುದನ್ನು ನಾನು ಹೇಳಿಲ್ಲ. ಮೊದಲನೆಯವನು ಆರು ವರ್ಷಕ್ಕೆ ತೀರಿಕೊಂಡ. ಅವನದೊಂದು ನೆರಳುಚಿತ್ರ, ಕಪ್ಪು ಕಾಗದದಲ್ಲಿ ಕತ್ತರಿಸಿದ್ದು, ಅಮ್ಮನ ಬಟ್ಟೆಪೆಟ್ಟಿಗೆಯ ಮೇಲಿನ ಗೋಡೆಯಲ್ಲಿತ್ತು. ನನ್ನ ಪ್ರತಿ ಹುಟ್ಟುಹಬ್ಬಕ್ಕೆ ಅಮ್ಮ ನನ್ನನ್ನು ಅದರ ಕೆಳಗೆ ಪಕ್ಕಕ್ಕೆ ತಿರುಗಿಸಿ ನಿಲ್ಲಿಸುತ್ತಿದ್ದಳು, ಮೂಗು ಅವನಷ್ಟಾಗಿದೆಯೋ ನೋಡಲು. “ಅವನು ಇಷ್ಟೊತ್ತಿಗೆ ಓದ್ತಿದ್ದ.” “ಅವನು ಹೀಗೆ ಚೆಲ್ತಿರ್ಲಿಲ್ಲ.” ನನಗೆ ಹತ್ತಾಯಿತು, ಅವನಿಗೆ ಆರೇ. ಆದರೂ ಅವನೇ ದೊಡ್ಡವನು. ಒಮ್ಮೆ ಆ ಕಾಗದವನ್ನು ಕಿತ್ತು ಬಾವಿಗೆ ಹಾಕಿದೆ. ಅಮ್ಮ ಹೊಡೆದ ಹೊಡೆತ ನೆನಪಿಲ್ಲ. “ಇವನು ತಮ್ಮನೋ ಕೊಲೆಗಾರನೋ” ಎಂದು ಅಪ್ಪನ ಹತ್ತಿರ ಹೇಳಿದ್ದು ನೆನಪಿದೆ.

ನವೆಂಬರಿನಲ್ಲಿ ಚಿತ್ರ ತರಲೆಂದೇ ಹೋದೆ. ಕಂಬಳಿ ಒಯ್ದದ್ದು ಸುಳ್ಳಲ್ಲ. ಲೌರಿಟ್ಸ್ ಅದನ್ನು ಬೆಳಕಿಗೆ ತಿರುಗಿಸಿದಾಗ ಅವಳು ಬಾಯಿ ತೆರೆದು ಏನೋ ಕೇಳುವ ಹಾಗಿದ್ದಳು. ನೀನು ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕೂರುವುದು ನನಗೆ ಕಂಡಿತು. ಎಷ್ಟು ವರ್ಷವಾದರೂ ಅಲ್ಲೇ ಕೂರುತ್ತೀಯ. ಮತ್ತೊಂದು ಮಗು ಬರುತ್ತಿದೆ ಎಂದು ನಾನು ಹೊರಡುವ ಮುಂಚೆ ತಾನೆ ನೀನು ಹೇಳಿದ್ದೆ. ಬರುವ ಮಾರೆನ್ ಗೋಡೆಯ ಮೇಲಿನ ಮಾರೆನ್‌ಳ ಕೆಳಗೆ ಬೆಳೆಯಬಾರದು. ಒಂದು ಕೋಣೆಯಲ್ಲಿ ಇಬ್ಬರು ಮಾರೆನ್ ಇರಲು ಆಗುವುದಿಲ್ಲ. ಅದು ನನಗೆ ಗೊತ್ತಿರುವಷ್ಟು ನಿನಗೆ ಗೊತ್ತಿಲ್ಲ.

ನಿನಗೆ ಹೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ. ಅದಕ್ಕೆ ಹೇಳಲಿಲ್ಲ.

ಹಡಗು ಮೂರನೆಯ ತಾರೀಖು ನೀರಿಗಿಳಿಯುತ್ತದೆ. ಮರುದಿನ ಹೊರಡುತ್ತೇನೆ.

ಅಸ್ಮುಸ್


ಕೋಪನ್‌ಹೇಗನ್, 4 ಜೂನ್ 1846

ಅಕ್ಕಾ,

ಶ್ರೀಮತಿ ಹೋಲ್ಸ್ಟ್ ಸೋಮವಾರ ಇಲ್ಲಿಗೇ ಬಂದು ಕೂತರು. ನಾನು ಸ್ವಲ್ಪ ದಿನ ತಳ್ಳೋಣ ಎಂದು ಏನೇನೋ ಹೇಳಿದೆ, ಬೆರಳು ಹಾಗಿದ್ದರೆ ಸಹಜವಾಗಿ ಕಾಣುತ್ತದೆ ಎಂದೂ ಹೇಳಿದೆ. ಅವರು ಆ ಬೆರಳನ್ನೇ ನೋಡುತ್ತಾ, “ಮಿಕ್ಕಿದ್ದೆಲ್ಲ ನಾನ್ನಾನೇ. ಇದೊಂದು ಯಾರದೋ ಬೆರಳು” ಅಂದರು.

ನಾನು ಏನು ಹೇಳಬಹುದಿತ್ತು? ನೇರ ಮಾಡಿದೆ. ಅವರ ಎದುರಿಗೇ ಮಾಡಿದೆ. ಚಿತ್ರ ಹೋಯಿತು.

ನೆನಪಿನಿಂದ ಬರೆಯುವ ಬಗ್ಗೆ ನೀನು ಉತ್ತರ ಕೊಟ್ಟಿಲ್ಲ. ಚೌಕಟ್ಟಿಗೆ ಹೊಸ ಬಟ್ಟೆ ಬಿಗಿದಿದ್ದೇನೆ.

ಲೌರಿಟ್ಸ್


ಸ್ವೆಂಡ್‌ಬೋರ್ಗ್, 12 ಜೂನ್ 1846

ಲೌರಿಟ್ಸ್,

ಹೆಣ್ಣು ಮಗು ಹುಟ್ಟಿ ವಾರವಾಯಿತು. ಚೆನ್ನಾಗಿದೆ. ತುಂಬ ಕೂಗುತ್ತದೆ.

ನೆನಪಿನಿಂದ ಬರೆಯಬೇಡ. ಮಾರೆನ್ ನಕ್ಕರೆ ಎಡಗೆನ್ನೆಗೆ ಗುಳಿ ಬೀಳುತ್ತಿತ್ತು ಎಂದು ಅತ್ತೆ ಹೇಳುತ್ತಾರೆ. ಅಸ್ಮುಸ್ ಬಲಗೆನ್ನೆ ಅನ್ನುತ್ತಾನೆ. ನಾನು ಕಣ್ಣು ಮುಚ್ಚಿ ನೋಡಿದರೆ ಎರಡೂ ಕಾಣುತ್ತವೆ. ಎಂಟು ತಿಂಗಳಿಗೇ ಹೀಗೆ. ನೀನು ಏನು ಬರೆದು ಕಳಿಸಿದರೂ ನಾನು ಅದನ್ನೇ ಅವಳು ಎಂದು ನಂಬಿಬಿಡುತ್ತೇನೆ. ನೀನು ಹೇಳಿದ್ದನ್ನು ನಂಬುವ ಅಭ್ಯಾಸ ನನಗೆ ಚಿಕ್ಕಂದಿನಿಂದ ಇದೆ. ಆ ಬಟ್ಟೆಯ ಮೇಲೆ ಬೇರೆ ಯಾರನ್ನಾದರೂ ಬರೆ.

ಅಸ್ಮುಸ್ ಮಗು ಹುಟ್ಟಿದ ಸಂಜೆಗೆ ಬಂದು ಸೇರಿದ. ಮಗುವನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಬಹಳ ಹೊತ್ತು ನಿಂತಿದ್ದ. ಅತ್ತೆ “ಬಾ ಮಾರೆನ್” ಎಂದು ಕೈ ಚಾಚಿದಾಗ ಕೊಟ್ಟ. ಆಮೇಲೆ ನನ್ನ ಪಕ್ಕಕ್ಕೆ ಬಂದು ಕೂತು, ಗೋಡೆ ಖಾಲಿ ಇರುವುದು ಒಳ್ಳೆಯದಾಯಿತೆಂದು ಒಂದು ದಿನ ನೀನೇ ಹೇಳುತ್ತೀಯ ಅಂದ. ನಾನು ಜಗಳವಾಡಲಿಲ್ಲ.

ಅವನ ಪತ್ರವನ್ನು ನಾನು ಅನೇಕ ಸಲ ಓದಿದ್ದೇನೆ. ಅವನು ಪಟ್ಟ ಕಷ್ಟ ಸುಳ್ಳಲ್ಲ. ಒಂದು ಕೋಣೆಯಲ್ಲಿ ಇಬ್ಬರು ಮಾರೆನ್ ಇರಲು ಆಗುವುದಿಲ್ಲ ಎಂದು ಅವನು ಬರೆದದ್ದೂ ಸರಿ. ಅದಕ್ಕಾಗಿ ಅವನು ಮುಖವನ್ನು ಬಿಟ್ಟುಕೊಟ್ಟ. ಹೆಸರನ್ನು ಬಿಡಬಹುದು ಎಂಬುದು ಅವನಿಗೆ ಹೊಳೆಯಲೇ ಇಲ್ಲ. ನಿನಗೂ ಹೊಳೆದಿಲ್ಲ. ನಿಜ ಹೇಳಬೇಕೆಂದರೆ ಆ ಪತ್ರ ಓದುವವರೆಗೆ ನನಗೂ ಹೊಳೆದಿರಲಿಲ್ಲ. ಈ ಊರಿನಲ್ಲಿ ಯಾರಿಗೆ ಹೊಳೆದಿದೆ?

ನೀವಿಬ್ಬರೂ ಸೇರಿ ಅವಳ ಮುಖವನ್ನು ಕೆರೆದಿರಿ. ಬೆರಳನ್ನು ನೀನು ನೇರ ಮಾಡಿದೆ. ಇನ್ನು ಉಳಿದದ್ದು ಹೆಸರು. ಅದನ್ನು ನಾನು ಇನ್ನೊಬ್ಬಳಿಗೆ ಕೊಡುವುದಿಲ್ಲ.

ಹಡೆದವಳು ಚರ್ಚಿಗೆ ಹೋಗಿ ಆಶೀರ್ವಾದ ಪಡೆಯುವವರೆಗೆ ಹೊಸಿಲು ದಾಟುವಂತಿಲ್ಲ, ಆದ್ದರಿಂದ ದೀಕ್ಷಾಸ್ನಾನಕ್ಕೆ ನಾನು ಹೋಗುವುದಿಲ್ಲ. ಮಗುವನ್ನು ಎತ್ತಿಕೊಂಡು ಹೋಗುವ ಜ್ಞಾನತಾಯಿ ಈ ಸಲವೂ ಪಾದ್ರಿಯಮ್ಮನೇ. ಕಲ್ಲುತೊಟ್ಟಿಯ ಮುಂದೆ ಪಾದ್ರಿಗಳು ಮಗುವಿನ ಹೆಸರೇನು ಎಂದು ಕೇಳುವುದು ಅವರನ್ನು. ಅವರು ಹೇಳಿದ್ದೇ ಹೆಸರು. ನಿನ್ನೆ ಅವರನ್ನು ಒಳಗೆ ಕರೆದು, ಬಾಗಿಲು ಹಾಕಿ, ಬೊಲೆಟ್ಟೆ ಎಂದು ಹೇಳಿ ಎಂದೆ. ನಮ್ಮ ಮನೆತನದಲ್ಲಾಗಲಿ ಅಸ್ಮುಸ್ ಮನೆತನದಲ್ಲಾಗಲಿ ಆ ಹೆಸರಿನವರು ಹುಟ್ಟಿಲ್ಲ, ಸತ್ತೂ ಇಲ್ಲ.

“ನಿಮ್ಮತ್ತೆ ಅಲ್ಲೇ ಮೂರ್ಛೆ ಬೀಳ್ತಾರೆ” ಅಂದರು ಪಾದ್ರಿಯಮ್ಮ. ಬಿದ್ದರೆ ಹಿಡಿದುಕೊಳ್ಳುವವರು ಇರುತ್ತಾರೆ ಎಂದೆ. ಆಮೇಲೆ ಅವರ ಗಂಡ ಪಾದ್ರಿಗಳ ವಿಷಯ ಎತ್ತಿದೆ. “ಅವರು ಕೇಳ್ತಾರೆ, ನಾನು ಹೇಳ್ತೀನಿ. ನಾನು ಒಂದ್ಸಲ ಹೇಳಿದ್ಮೇಲೆ ಇನ್ನೊಂದ್ಸಲ ಕೇಳೋ ಅಭ್ಯಾಸ ಅವರಿಗಿಲ್ಲ” ಅಂದರು.

ಅಸ್ಮುಸ್‌ಗೆ ಹೇಳಿಲ್ಲ. ಹೇಳಿದ್ದರೆ ಬೇಡ ಎನ್ನುತ್ತಿದ್ದ. ಅವನು ಗಂಡಸರ ಸಾಲಿನಲ್ಲಿ ಕೂತಿರುತ್ತಾನೆ, ಎಲ್ಲರ ಜೊತೆಗೆ ಕೇಳಿಸಿಕೊಳ್ಳುತ್ತಾನೆ. ಈ ಪತ್ರ ನಿನ್ನ ಕೈ ಸೇರುವಷ್ಟರಲ್ಲಿ ಅದೆಲ್ಲ ಮುಗಿದಿರುತ್ತದೆ, ಆದ್ದರಿಂದ ನೀನು ಅವನಿಗೆ ಬರೆದು ಉಪಯೋಗವಿಲ್ಲ.

ದೀಕ್ಷಾಸ್ನಾನ ಇದೇ ಭಾನುವಾರ, ಹದಿನಾಲ್ಕನೆಯ ತಾರೀಖು, ಬೆಳಗಿನ ಆರಾಧನೆ ಮುಗಿದ ಕೂಡಲೇ.

ಡೋರ್ಟೆ